ಬಾರ್ಸಿಲೋನಾದಲ್ಲಿ ಕಳೆದುಹೋದ ಪರ್ಸು

ಜಾತ್ರೆಗೆ ಹೊರಟವರಿಗೆ ನಮ್ಮ ಹಿರಿಯರು ತಪ್ಪದೆ ಹೇಳುತ್ತಿದ್ದ ಮಾತೊಂದಿದೆ: "ಕಿಸೆ ನೋಡಿಕೊಳ್ಳಿ, ಮಕ್ಕಳ ಕೈ ಬಿಡಬೇಡಿ." ಮಧೂರಿನ ಜಾತ್ರೆಗೆ ಹೋಗುವಾಗಲೂ ಇದೇ ಮಾತು, ಕಾಸರಗೋಡಿನ ಬಸ್‌ಸ್ಟ್ಯಾಂಡಿಗೆ ಹೋಗುವಾಗಲೂ ಇದೇ ಮಾತು. ನಾವು ಕನ್ನಡದಲ್ಲಿ ಕಿಸೆಗಳ್ಳ ಎನ್ನುತ್ತೇವೆ, ಮಲಯಾಳದಲ್ಲಿ ಪೋಕ್ಕೆಟ್ಟಡಿಕ್ಕಾರನ್ ಎನ್ನುತ್ತಾರೆ. ಹೆಸರು ಯಾವ ಭಾಷೆಯಲ್ಲಿದ್ದರೂ ಕೈಚಳಕ ಒಂದೇ. ಆ ಕೈಚಳಕವನ್ನು ನೋಡಲು ನಾವು ಗಂಡ ಹೆಂಡತಿ ಏಳು ಸಾವಿರ ಕಿಲೋಮೀಟರಿಗಿಂತ ದೂರ ಹೋಗಬೇಕಾಯಿತು. ನೋಡಲು ಎಂದೆನಲ್ಲ, ಅದು ತಪ್ಪು. ನಾವು ನೋಡಲೇ ಇಲ್ಲ. ನೋಡಿದ್ದರೆ ಈ ಮಾತು ಹೇಳುವ ಪ್ರಸಂಗ ಬರುತ್ತಿರಲಿಲ್ಲ.

ನಾನು ಗಡಿಯ ಒಂದು ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ನಮ್ಮವರು ಸರಕಾರಿ ಸರ್ವೆಯರ್ ಆಗಿದ್ದವರು. ಊರಿನ ಗಡಿಕಲ್ಲುಗಳನ್ನೆಲ್ಲ ಅಳೆದು ಲೆಕ್ಕ ಇಟ್ಟವರು. ಮನೆಯಲ್ಲಿ ಚಮಚ ಒಂದು ಕಡಿಮೆಯಾದರೂ ಅವರಿಗೆ ಗೊತ್ತಾಗುತ್ತದೆ. ಊರಿನವರೆಲ್ಲ ನನ್ನನ್ನು ಟೀಚರ್ ಎಂದು ಕರೆಯುವುದನ್ನು ಕೇಳಿ ಕೇಳಿ, ತಮಾಷೆ ಬಂದಾಗ ಅವರೂ ನನ್ನನ್ನು "ಟೀಚರೇ" ಎಂದೇ ಕರೆಯುತ್ತಾರೆ.

ನಮ್ಮ ಮಗಳು ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾಳೆ. 2024ರ ಏಪ್ರಿಲ್ ತಿಂಗಳಲ್ಲಿ ನಾವು ಅವಳ ಮನೆಗೆ ಹೋಗಿದ್ದೆವು. ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿತ್ತು. "ಅಪ್ಪ, ಅಮ್ಮ, ನೀವಿಬ್ಬರೇ ಎಲ್ಲಿಗೂ ಹೋದವರಲ್ಲ. ಐದು ದಿನ ಹೋಗಿ ಬನ್ನಿ" ಎಂದು ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ ವಿಮಾನದ ಟಿಕೆಟ್ ತೆಗೆದು ಕೈಗೆ ಕೊಟ್ಟಳು. ಜರ್ಮನಿಗೆ ಕೊಟ್ಟ ವೀಸಾ ಸ್ಪೇನಿಗೂ ಆಗುತ್ತದೆ. ತಲಪಾಡಿಯ ಚೆಕ್‌ಪೋಸ್ಟ್ ನೋಡಿ ಬೆಳೆದ ನಮಗೆ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಯಾರೂ ತಡೆಯದೆ ಹೋಗಿ ಇಳಿದದ್ದೇ ಒಂದು ಸೋಜಿಗ.

ಬಾರ್ಸಿಲೋನಾ ಸುಮಾರು ಹದಿನಾರು ಲಕ್ಷ ಜನರ ನಗರ. ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಇನ್ನೊಂದು ಕಡೆ ಗುಡ್ಡ. ನಮ್ಮ ಕರಾವಳಿಯ ಊರುಗಳ ಹಾಗೆಯೇ ಎನ್ನಿ. ಆದರೆ ನನ್ನ ಗಮನ ಮೊದಲು ಹೋದದ್ದು ಬೋರ್ಡುಗಳ ಮೇಲೆ. ಗಡಿನಾಡಿನವರಿಗೆ ಅದೊಂದು ಚಟ. ಬಸ್ಸಿನ ಬೋರ್ಡು ಯಾವ ಭಾಷೆಯಲ್ಲಿದೆ, ಕಚೇರಿಯ ಫಾರಮು ಯಾವ ಭಾಷೆಯಲ್ಲಿದೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಅಲ್ಲಿ ಬೀದಿಯ ಹೆಸರು, ಅಂಗಡಿಯ ಹೆಸರು, ರೈಲಿನ ಘೋಷಣೆ ಎಲ್ಲದರಲ್ಲೂ ಸ್ಪ್ಯಾನಿಶ್ ಅಲ್ಲದ ಇನ್ನೊಂದು ಭಾಷೆ ಮುಂದೆ ಇತ್ತು. ಅದು ಕೆಟಲನ್ ಭಾಷೆ, ಕೆಟಲೋನಿಯಾ ಎಂಬ ಆ ಪ್ರಾಂತದ ಸ್ವಂತ ಭಾಷೆ.

ಈ ಭಾಷೆಯ ಕತೆ ನಮ್ಮಂಥವರು ಕೇಳಬೇಕಾದದ್ದು. 1659ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ರಾಜರು ಒಪ್ಪಂದ ಮಾಡಿಕೊಂಡು ಪಿರನೀಸ್ ಬೆಟ್ಟದ ಸಾಲಿನಲ್ಲಿ ಗಡಿ ಹಾಕಿದರು. ಕೆಟಲನ್ ಮಾತನಾಡುವ ಒಂದಿಷ್ಟು ಊರುಗಳು ಫ್ರಾನ್ಸಿನ ಕಡೆ ಉಳಿದುಬಿಟ್ಟವು. 1956ರ ನವೆಂಬರ್ 1ರಂದು ನಾವು ಉಳಿದ ಹಾಗೆ. ಮತ್ತೆ 1939ರಿಂದ 1975ರವರೆಗೆ ಸರ್ವಾಧಿಕಾರಿ ಫ್ರಾಂಕೋನ ಆಳ್ವಿಕೆಯಲ್ಲಿ ಕೆಟಲನ್ ಭಾಷೆಗೆ ಶಾಲೆಯಲ್ಲೂ ಕಚೇರಿಯಲ್ಲೂ ಜಾಗವಿರಲಿಲ್ಲ. 1979ರಲ್ಲಿ ಅದು ಪುನಃ ಅಧಿಕೃತ ಭಾಷೆಯಾಯಿತು. 1983ರ ಒಂದು ಕಾನೂನಿನಿಂದ ಶಾಲೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು. ಇಂದು ಅಲ್ಲಿಯ ಜನ ಎರಡು ಭಾಷೆಯನ್ನೂ ಸಲೀಸಾಗಿ ಮಾತನಾಡುತ್ತಾರೆ. ನಾವು ಮನೆಯಲ್ಲಿ ಒಂದು, ಬಸ್ಸಿನಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಮಾತನಾಡುತ್ತೇವಲ್ಲ, ಹಾಗೆ. ಹೊಟೇಲಿನ ಹುಡುಗಿಯಿಂದ ನಾನು ಎರಡು ಮೂರು ಶಬ್ದ ಕಲಿತೆ. ಬೆಳಗ್ಗೆ ಎದ್ದರೆ "ಬೊನ್ ದಿಯ", ಉಪಕಾರಕ್ಕೆ "ಗ್ರಾಸಿಯಸ್", ಜಾಗ್ರತೆ ಎನ್ನುವುದಕ್ಕೆ "ಕೊಂತೆ". ಮೂರನೆಯ ಶಬ್ದವನ್ನು ಅವಳು ನಮ್ಮ ಕೈಚೀಲ ತೋರಿಸಿಯೇ ಕಲಿಸಿದಳು. ನಾವು ಅರ್ಥ ಮಾಡಿಕೊಂಡದ್ದು ಸಾಲದಾಯಿತು.

ಮೊದಲ ದಿನ ಶನಿವಾರ. ಸಾಯಂಕಾಲ ರಾಂಬ್ಲಾ ಎಂಬ ಪ್ರಸಿದ್ಧ ಬೀದಿಯಲ್ಲಿ ನಡೆದೆವು. ಪೇಟೆಯ ನಡುವಿನಿಂದ ಸಮುದ್ರದ ಕಡೆಗೆ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ, ಎರಡೂ ಬದಿಗೆ ದೊಡ್ಡ ಮರಗಳು, ನಡುವೆ ಜನರು ನಡೆಯಲಿಕ್ಕೇ ಬಿಟ್ಟ ದಾರಿ. ಬದಿಯಲ್ಲಿ ಬುಕೇರಿಯಾ ಎಂಬ ಮಾರುಕಟ್ಟೆ. ಹಣ್ಣುಗಳನ್ನು ದೇವರ ಮುಂದೆ ಜೋಡಿಸಿದ ಹಾಗೆ ಜೋಡಿಸಿರುತ್ತಾರೆ. ನಾವು ಸಸ್ಯಾಹಾರಿಗಳು, ಏನು ತಿನ್ನುವುದು ಎಂಬ ಚಿಂತೆ ಇತ್ತು. ಕೆಟಲೋನಿಯಾದವರು ರೊಟ್ಟಿಯ ತುಂಡಿಗೆ ಹಣ್ಣು ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ ಹನಿಸಿ, ಉಪ್ಪು ಉದುರಿಸಿ ಕೊಡುತ್ತಾರೆ. ಐದು ದಿನವೂ ಅದೇ ನಮ್ಮನ್ನು ಕಾಪಾಡಿತು. ಆ ವರ್ಷ ಅಲ್ಲಿ ಬರಗಾಲ. ಮಳೆ ಸರಿಯಾಗಿ ಬಾರದೆ ಮೂರು ವರ್ಷವಾಗಿ, ಫೆಬ್ರವರಿಯಲ್ಲೇ ನೀರಿನ ತುರ್ತು ಪರಿಸ್ಥಿತಿ ಸಾರಿದ್ದರು. ಅಲಂಕಾರದ ಕಾರಂಜಿಗಳನ್ನೆಲ್ಲ ನಿಲ್ಲಿಸಿದ್ದರು. ಯುರೋಪಿನ ದೊಡ್ಡ ನಗರದಲ್ಲೂ ಬಾವಿ ತಳ ಕಂಡೀತು ಎಂದು ನಾನು ಎಣಿಸಿರಲಿಲ್ಲ.

ಎರಡನೆಯ ದಿನ ಭಾನುವಾರ. ನಮ್ಮವರಿಗೆ ಹಬ್ಬ. ಬಾರ್ಸಿಲೋನಾದ ಹೊಸ ಪೇಟೆಯನ್ನು ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರು 1859ರಲ್ಲಿ ನಕ್ಷೆ ಹಾಕಿ ಕಟ್ಟಿಸಿದ್ದು. ಚದುರಂಗದ ಹಲಗೆಯ ಹಾಗೆ ಚೌಕ ಚೌಕ. ಒಂದೊಂದು ಚೌಕದ ಬದಿ 113 ಮೀಟರ್. ಬೀದಿಗಳು ಕೂಡುವಲ್ಲಿ ಚೌಕದ ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದಾರೆ, ಗಾಳಿ ಬೆಳಕು ಬರಲಿ, ಬಂಡಿ ತಿರುಗಲಿ ಎಂದು. ನಮ್ಮವರು ಹೆಜ್ಜೆ ಎಣಿಸಿ ಒಂದು ಬದಿ ಅಳೆದು ನೋಡಿ, "ಸರಿ ಇದೆ ಟೀಚರೇ, ಒಂದೂವರೆ ಮೀಟರ್ ಹೆಚ್ಚುಕಡಿಮೆ" ಎಂದರು. ಮಧ್ಯಾಹ್ನದ ಮೇಲೆ ನೆಲದಡಿಯ ಮೆಟ್ರೋ ರೈಲು ಹಿಡಿದು ಹೊಟೇಲಿಗೆ ಹಿಂದಿರುಗುವುದೆಂದು ಹೊರಟೆವು.

ಇನ್ನು ನಡೆದದ್ದನ್ನು ನಿಧಾನವಾಗಿ ಹೇಳುತ್ತೇನೆ. ಆ ಹೊತ್ತಿಗೆ ಅದು ಅರ್ಧ ನಿಮಿಷದಲ್ಲಿ ಮುಗಿದುಹೋಗಿತ್ತು. ತುಂಡು ತುಂಡು ಜೋಡಿಸಿ ಅರ್ಥವಾದದ್ದು ಆಮೇಲೆ.

ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆವು. ಕಿಸೆಗಳ್ಳರಿದ್ದಾರೆ, ಎಚ್ಚರಿಕೆ ಎಂದು ಧ್ವನಿವರ್ಧಕದಲ್ಲಿ ಇಂಗ್ಲಿಷಿನಲ್ಲೂ ಹೇಳಿತು. ಕೇಳಿದ ಕೂಡಲೇ ನಮ್ಮವರು ಪ್ಯಾಂಟಿನ ಹಿಂದಿನ ಕಿಸೆಯನ್ನು ಒಮ್ಮೆ ಮುಟ್ಟಿ ನೋಡಿದರು. ಪರ್ಸು ಇತ್ತು. ಸಮಾಧಾನವಾಯಿತು. ಆದರೆ ಪರ್ಸು ಎಲ್ಲಿದೆ ಎಂದು ತಿಳಿಯಲು ಕಾದು ನಿಂತವರಿಗೂ ಅಷ್ಟೇ ಬೇಕಾಗಿತ್ತು. ನಮ್ಮ ಕೈಯೇ ಬೆರಳು ಮಾಡಿ ತೋರಿಸಿಕೊಟ್ಟಿತು.

ರೈಲು ಬಂತು. ನಮ್ಮ ಮುಂದೆ ಒಬ್ಬಳು ಹುಡುಗಿ, ನಮ್ಮ ಮಗಳ ಪ್ರಾಯದವಳು, ಕೈಯಲ್ಲಿ ನಕ್ಷೆ, ಹೆಗಲಲ್ಲಿ ಚೀಲ, ನಮ್ಮಂತೆಯೇ ಪ್ರವಾಸಿಯ ವೇಷ. ಬಾಗಿಲಲ್ಲಿ ಕಾಲಿಟ್ಟವಳ ಕೈಯಿಂದ ಚಿಲ್ಲರೆ ಹಣ ಚೆಲ್ಲಿತು. ಅವಳು ಅಲ್ಲೇ ಬಗ್ಗಿದಳು. ದಾರಿ ಕಟ್ಟಿತು. ಹಿಂದಿನಿಂದ ಜನ ನೂಕಿದರು. ನಮ್ಮವರು ಏನು ಮಾಡಿದರು ಗೊತ್ತೇ? ತಾವೂ ಬಗ್ಗಿ ಎರಡು ನಾಣ್ಯ ಹೆಕ್ಕಿ ಅವಳ ಕೈಗೆ ಕೊಟ್ಟರು. ಅವಳು ನಕ್ಕು ಥ್ಯಾಂಕ್ಸ್ ಹೇಳಿದಳು. ಹಿಂದೆ ನಿಂತಿದ್ದ ಒಬ್ಬಾತ "ಸಾರಿ, ಸಾರಿ" ಎಂದ. ಬಾಗಿಲು ಮುಚ್ಚುವ ಸದ್ದಾಯಿತು. ಮುಚ್ಚುವ ಮೊದಲು ಇಬ್ಬರೂ ಹಿಂದಕ್ಕೆ ಹಾರಿ ಇಳಿದರು. ನಾವು ಒಳಗೆ, ಅವರು ಹೊರಗೆ. ರೈಲು ಹೊರಟಿತು. ಮುಂದಿನ ನಿಲ್ದಾಣ ಬರುವ ಮೊದಲು ನಮ್ಮವರ ಕೈ ಹಿಂದಿನ ಕಿಸೆಗೆ ಹೋಯಿತು. ಅವರ ಮುಖ ನೋಡಿಯೇ ನನಗೆ ತಿಳಿಯಿತು.

ಆಗ ನಾನು ಆಡಬಾರದ ಮಾತು ಆಡಿದೆ. "ನೂರು ಸಲ ಹೇಳಿದ್ದೆ, ಹಿಂದಿನ ಕಿಸೆ ಬೇಡ ಅಂತ. ಊರ ಜಾಗ ಎಲ್ಲ ಅಳೆದವರಿಗೆ ತಮ್ಮ ಕಿಸೆ ಎಲ್ಲಿದೆ ಅಂತ ಗೊತ್ತಿಲ್ಲ." ತುಂಬಿದ ರೈಲಿನಲ್ಲಿ ಗಟ್ಟಿಯಾಗಿಯೇ ಹೇಳಿದೆ. ಸುತ್ತಲಿನವರಿಗೆ ಭಾಷೆ ಗೊತ್ತಿಲ್ಲದಿದ್ದರೂ ಸ್ವರ ಗೊತ್ತಾಗಿರಬೇಕು. ನಮ್ಮವರು ಒಂದು ಮಾತೂ ಹೇಳಲಿಲ್ಲ.

ಮಗಳಿಗೆ ಫೋನ್ ಮಾಡಿ ಮೊದಲು ಬ್ಯಾಂಕಿನ ಕಾರ್ಡು ಬಂದ್ ಮಾಡಿಸಿದೆವು. ಪಾಸ್‌ಪೋರ್ಟುಗಳು ನನ್ನ ಸೊಂಟಕ್ಕೆ ಕಟ್ಟಿದ ಬಟ್ಟೆಯ ಚೀಲದಲ್ಲಿದ್ದವು. ಹೊರಡುವಾಗ ಮಗಳು ಅದನ್ನು ನೋಡಿ ನಕ್ಕಿದ್ದಳು. ಪರ್ಸಿನಲ್ಲಿದ್ದದ್ದು 170 ಯೂರೋ, ನಮ್ಮ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿ. ಹೋದರೆ ಹೋಯಿತು ಎಂದು ನಾನು ಲೆಕ್ಕ ಮುಗಿಸಿದೆ. ದೂರು ಕೊಡಲು ಅಲ್ಲಿಯ ಪ್ರಾಂತದ ಪೊಲೀಸ್ ಠಾಣೆಗೆ ಹೋದೆವು.

ಠಾಣೆಯಲ್ಲಿ ನಮ್ಮಂಥವರು ಹತ್ತಾರು ಮಂದಿ ಬೆಂಚಿನ ಮೇಲೆ ಕುಳಿತಿದ್ದರು. ಎಲ್ಲ ದೇಶದವರೂ ಇದ್ದರು, ಎಲ್ಲರ ಮುಖವೂ ಒಂದೇ ಬಗೆ. ನಮ್ಮ ಸರದಿ ಬಂದಾಗ ಒಬ್ಬ ಪ್ರಾಯಸ್ಥ ಅಧಿಕಾರಿ ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳಿದರು. ಹಣ ಎಷ್ಟು? ಕಾರ್ಡು ಎಷ್ಟು? ಬೇರೆ ಏನಾದರೂ ಇತ್ತೇ? ನಾನು "ಇಲ್ಲ" ಎಂದೆ. ನಮ್ಮವರು ಮೆಲ್ಲಗೆ "ಒಂದು ಚೀಟಿ ಇತ್ತು" ಎಂದರು.

ನಾನು ತಿರುಗಿ ನೋಡಿದೆ. ನಲವತ್ತು ವರ್ಷದಲ್ಲಿ ಆ ಪರ್ಸಿನಲ್ಲಿ ಚೀಟಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಅಧಿಕಾರಿ ಯಾವ ಭಾಷೆಯ ಚೀಟಿ ಎಂದು ಕೇಳಿದರು. "ಕನ್ನಡ" ಎಂದರು ನಮ್ಮವರು. ಅವರು ಕಂಪ್ಯೂಟರಿನಲ್ಲಿ ಕೆನಡಾ ದೇಶ ಎಂದು ಬರೆದುಕೊಂಡರು. ನಾನು ಅವರಿಂದ ಕಾಗದ ಕೇಳಿ ತೆಗೆದುಕೊಂಡು "ಕನ್ನಡ" ಎಂದು ನಮ್ಮ ಅಕ್ಷರದಲ್ಲಿ ಬರೆದು ತೋರಿಸಿದೆ. ಇದೊಂದು ಭಾಷೆ, ನಾವಿರುವ ರಾಜ್ಯದ ಭಾಷೆ ಬೇರೆ, ನಮ್ಮ ಮನೆಯ ಭಾಷೆ ಇದು ಎಂದೆ. ಅವರು ಆ ದುಂಡು ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದರು. "ನನ್ನ ತಾಯಿಗೆ ಅವಳ ಭಾಷೆಯಲ್ಲಿ ಬರೆಯಲು ಶಾಲೆಯಲ್ಲಿ ಯಾರೂ ಕಲಿಸಲಿಲ್ಲ" ಎಂದರು. ಕೆನಡಾ ಎಂದು ಬರೆದದ್ದನ್ನು ಅಳಿಸಿ ಸರಿಯಾಗಿ ಬರೆದುಕೊಂಡರು. ಪರ್ಸು ಸಿಗುವ ಆಶೆ ಇಟ್ಟುಕೊಳ್ಳಬೇಡಿ ಎಂದೂ ಸೌಮ್ಯವಾಗಿ ಹೇಳಿದರು.

ಅಲ್ಲಿಯ ಕಾನೂನಿನಲ್ಲಿ 400 ಯೂರೋ ಒಂದು ಗೆರೆ. ಅದನ್ನು ಮೀರದ ಕಳವು ಸಣ್ಣ ಅಪರಾಧ, ಸಾಮಾನ್ಯವಾಗಿ ದಂಡ ಕಟ್ಟಿ ಹೊರಗೆ ಬರುತ್ತಾರೆ. ಮತ್ತೆ ಮತ್ತೆ ಕದ್ದವರಿಗೆ ಜೈಲು ಶಿಕ್ಷೆಯಾಗುವಂತೆ 2022ರಲ್ಲಿ ಕಾನೂನು ತಿದ್ದಿದರು. ಆದರೂ ಪ್ರವಾಸಿ ಎರಡು ದಿನ ಇದ್ದು ಹೋಗುವವನು. ಸಾಕ್ಷಿ ಹೇಳಲು ಯಾರು ತಿರುಗಿ ಬರುತ್ತಾರೆ? ಕಳ್ಳರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಆ ರಾತ್ರಿ ಹೊಟೇಲಿನಲ್ಲಿ ಅವರು ಊಟ ಬೇಡ ಎಂದರು. "ನಾಳೆಯೇ ಹಿಂದೆ ಹೋಗುವ" ಎಂದರು. ನಾನು ಚೀಟಿಯ ವಿಷಯ ಕೇಳಿದೆ. ಬಹಳ ಹೊತ್ತಿನ ಮೇಲೆ ಹೇಳಿದರು.

ಅದು ನಮ್ಮ ಅತ್ತೆಯ ಕೈಬರಹ. 2001ರಲ್ಲಿ ಒಂದು ದಿನ ಪೇಟೆಗೆ ಹೊರಟ ಮಗನ ಕೈಗೆ ಸಾಮಾನಿನ ಪಟ್ಟಿ ಬರೆದು ಕೊಟ್ಟಿದ್ದರು. ಉದ್ದು ಒಂದು ಕಿಲೋ, ಬೆಲ್ಲ, ಹಿಂಗು, ಬೆಂಕಿಪೆಟ್ಟಿಗೆ, ಹೊಗೆಸೊಪ್ಪು. ಅಡಿಯಲ್ಲಿ "ಬೇಗ ಬಾ" ಎಂದು. ಅದಾದ ನಾಲ್ಕನೆಯ ದಿನ ಅತ್ತೆ ತೀರಿಕೊಂಡರು. ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದ ಆ ತಾಯಿ ತನ್ನ ಕೈಯಿಂದ ಬರೆದದ್ದು ಅವರ ಹತ್ತಿರ ಬೇರೆ ಏನೂ ಇರಲಿಲ್ಲ. ಇಪ್ಪತ್ತಮೂರು ವರ್ಷ ಆ ಚೀಟಿ ಅವರ ಕಿಸೆಯಲ್ಲೇ ಇತ್ತು. ಪರ್ಸು ಬದಲಾದರೂ ಚೀಟಿ ಬದಲಾಗಲಿಲ್ಲ.

"ನನಗೆ ಯಾಕೆ ತೋರಿಸಲಿಲ್ಲ?" ಎಂದು ಕೇಳಿದೆ.

"ಅಮ್ಮ ಬೆಂಕಿಪೆಟ್ಟಿಗೆಯನ್ನು ತಪ್ಪು ಬರೆದಿದ್ದಳು. ನೀನು ಟೀಚರು. ತಿದ್ದುತ್ತಿದ್ದೆ" ಎಂದರು.

ಶ್ರೋತೃಗಳೇ, ಮೂವತ್ತೊಂದು ವರ್ಷ ಕೆಂಪು ಶಾಯಿಯಲ್ಲಿ ತಿದ್ದಿದ ನನಗೆ ಆ ರಾತ್ರಿ ಉತ್ತರ ಬರಲಿಲ್ಲ. ರೈಲಿನಲ್ಲಿ ಆಡಿದ ಮಾತು ನೆನಪಾಯಿತು. ಅದನ್ನು ಹಿಂದೆ ತೆಗೆದುಕೊಳ್ಳುವ ದಾರಿ ಇರಲಿಲ್ಲ. "ತಪ್ಪಾಯಿತು" ಎಂದೆ. ಅವರು ದೀಪ ಆರಿಸಿದರು.

ಸೋಮವಾರ ಸಗ್ರಾದಾ ಫಮೀಲಿಯಾ ಎಂಬ ಇಗರ್ಜಿಗೆ ಟಿಕೆಟ್ ಮೊದಲೇ ತೆಗೆದಿತ್ತು. ಹೋಗದೆ ಇದ್ದರೆ ಹಣ ದಂಡ ಎಂದು ಹೇಳಿ ಅವರನ್ನು ಹೊರಡಿಸಿದೆ. 1882ರಲ್ಲಿ ಅಡಿಗಲ್ಲು ಹಾಕಿದ ಇಗರ್ಜಿ ಅದು. ಮರುವರ್ಷದಿಂದ ಆಂತೋನಿ ಗೌದಿ ಎಂಬ ವಾಸ್ತುಶಿಲ್ಪಿ ಕೆಲಸ ವಹಿಸಿಕೊಂಡು ಜೀವನವನ್ನೇ ಅದಕ್ಕೆ ಕೊಟ್ಟ. ಕಟ್ಟುವುದು ಭಕ್ತರ ಕಾಣಿಕೆಯಿಂದ ಮತ್ತು ನೋಡುವವರ ಟಿಕೆಟ್ ಹಣದಿಂದ. ನಾವು ಹೋದಾಗಲೂ ಮೇಲೆ ಕ್ರೇನುಗಳು ನಿಂತಿದ್ದವು. ನಡುವಿನ ಗೋಪುರಕ್ಕೆ ಹಾಕಿಕೊಂಡ ಎತ್ತರ 172.5 ಮೀಟರ್. ಒಳಗೆ ಕಾಲಿಟ್ಟರೆ ಕಂಬಗಳು ಮರದ ಕಾಂಡದಂತೆ ಎದ್ದು ಮೇಲೆ ಕೊಂಬೆ ಒಡೆದಿವೆ. ಬೆಳಗ್ಗೆ ಮೂಡುಗಡೆಯ ಗಾಜಿನಿಂದ ನೀಲಿ ಹಸಿರು ಬೆಳಕು, ಸಂಜೆ ಪಡುಗಡೆಯಿಂದ ಕೆಂಪು ಕಿತ್ತಳೆ ಬೆಳಕು. ಬೆಳಗ್ಗಿನ ಅಡಿಕೆ ತೋಟದೊಳಗೆ ನಿಂತ ಹಾಗಾಯಿತು ನನಗೆ.

ಗೌದಿಯ ಸಮಾಧಿ ಆ ಇಗರ್ಜಿಯ ನೆಲಮಾಳಿಗೆಯಲ್ಲಿದೆ. ಅವನ ಸಾವಿನ ಕತೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. 1926ರ ಜೂನ್ 7ರಂದು ಬೀದಿ ದಾಟುವಾಗ ಟ್ರಾಮ್ ಬಂಡಿ ಬಡಿದು ಬಿದ್ದ. ಎಪ್ಪತ್ತಮೂರು ವರ್ಷದ ಮುದುಕ, ಹಳೆಯ ಬಟ್ಟೆ, ಕಿಸೆಯಲ್ಲಿ ಗುರುತಿನ ಕಾಗದ ಯಾವುದೂ ಇಲ್ಲ. ಯಾರೋ ಭಿಕ್ಷುಕ ಎಂದು ಬಾಡಿಗೆ ಕಾರಿನವರು ಕರೆದೊಯ್ಯಲು ಒಪ್ಪಲಿಲ್ಲ. ಕೊನೆಗೆ ಬಡವರ ಆಸ್ಪತ್ರೆಗೆ ಸೇರಿಸಿದರು. ಇವನೇ ಗೌದಿ ಎಂದು ತಿಳಿದದ್ದು ಮರುದಿನ. ಜೂನ್ 10ರಂದು ತೀರಿಕೊಂಡ. ಇದೇ ಗೌದಿ ಅದಕ್ಕೆ ಎರಡು ವರ್ಷ ಮೊದಲು, 1924ರಲ್ಲಿ, ಪೊಲೀಸರೆದುರು ತನ್ನ ಕೆಟಲನ್ ಭಾಷೆ ಬಿಟ್ಟು ಸ್ಪ್ಯಾನಿಶ್ ಮಾತನಾಡಲು ಒಪ್ಪದೆ ಬಂಧನಕ್ಕೂ ಒಳಗಾಗಿದ್ದವನು.

ನಮ್ಮವರು ಸಮಾಧಿಯ ಕಡೆ ನೋಡುತ್ತ ನಿಂತು, "ಇವರ ಕಿಸೆಯೂ ಖಾಲಿ" ಎಂದರು. ಹಿಂದಿನ ದಿನದಿಂದ ಅವರಾಗಿ ಆಡಿದ ಮೊದಲ ಮಾತು ಅದು. ನಾಳೆ ಹಿಂದೆ ಹೋಗುವ ಮಾತು ಮತ್ತೆ ಬರಲಿಲ್ಲ.

ಮಂಗಳವಾರ ಏಪ್ರಿಲ್ 23. ಅಂದು ಅಲ್ಲಿ ಸಂತ ಜಾರ್ಜನ ಹಬ್ಬ, ಅವರ ಮಾತಿನಲ್ಲಿ ಸಾಂತ್ ಜೋರ್ದಿ. ಗಂಡ ಹೆಂಡತಿಗೆ ಗುಲಾಬಿ ಕೊಡುವುದು, ಹೆಂಡತಿ ಗಂಡನಿಗೆ ಪುಸ್ತಕ ಕೊಡುವುದು ಸಂಪ್ರದಾಯ. ಈಗ ಎಲ್ಲರೂ ಎಲ್ಲರಿಗೂ ಎರಡನ್ನೂ ಕೊಡುತ್ತಾರೆ. ಯುನೆಸ್ಕೋ 1995ರಲ್ಲಿ ವಿಶ್ವ ಪುಸ್ತಕ ದಿನ ಎಂದು ಸಾರಿದ್ದು ಇದೇ ದಿನವನ್ನು. ಬೀದಿ ಬೀದಿಯಲ್ಲಿ ಪುಸ್ತಕದ ಮೇಜುಗಳು, ಗುಲಾಬಿಯ ಬುಟ್ಟಿಗಳು. ಒಂದು ಕಾಲದಲ್ಲಿ ಶಾಲೆಯಿಂದ ಹೊರಗಿಟ್ಟ ಭಾಷೆಯ ಪುಸ್ತಕಗಳನ್ನು ಕೊಳ್ಳಲು ಜನರು ಸಾಲುಗಟ್ಟಿ ನಿಂತಿದ್ದರು. ನನ್ನ ಕಣ್ಣು ತುಂಬಿತು. ನಮ್ಮ ಗಡಿಯ ಕನ್ನಡ ಶಾಲೆಗಳಲ್ಲಿ ವರ್ಷ ವರ್ಷ ಮಕ್ಕಳ ತಲೆ ಎಣಿಸಿದವಳಿಗೆ ಬೇರೇನಾದೀತು?

ಆ ಜನಸಂದಣಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ನಮ್ಮವರು ಚೀಲವನ್ನು ಎದೆಗೆ ಅವುಚಿಕೊಂಡು, ಹತ್ತಿರ ಬಂದವರನ್ನೆಲ್ಲ ಗುಮಾನಿಯಿಂದ ನೋಡುತ್ತ ನಡೆಯುತ್ತಿದ್ದರು. ಒಬ್ಬ ಅಜ್ಜಿ ಹಿಂದಿನಿಂದ ಬಂದು ಅವರ ಚೀಲ ಮುಟ್ಟಿದಳು. ಇವರು ಚೀಲ ಎಳೆದುಕೊಂಡು ಗದರಿಯೇ ಬಿಟ್ಟರು. ಸಿಟ್ಟು ಬಂದರೆ ಅವರ ಬಾಯಿಂದ ಬರುವುದು ಮಲಯಾಳ, ಕಚೇರಿಯ ಅಭ್ಯಾಸ. ಅಜ್ಜಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಬೆರಳು ತೋರಿಸಿ "ಕೊಂತೆ, ಕೊಂತೆ" ಎಂದಳು. ನೋಡಿದರೆ ಚೀಲದ ಬದಿಯ ಜಿಪ್ಪು ಬಾಯಿ ತೆರೆದಿತ್ತು. ಅವಳು ಹೇಳಲು ಬಂದದ್ದು ಅದನ್ನು.

ನಮ್ಮವರು ಕೈಮುಗಿದರು. "ಗ್ರಾಸಿಯಸ್" ಎಂದು ಎರಡು ಸಲ ಹೇಳಿದರು. ಅಜ್ಜಿ ಅವರ ತೋಳು ತಟ್ಟಿ ಜನರೊಳಗೆ ಹೋದಳು. ಸ್ವಲ್ಪ ದೂರ ನಡೆದ ಮೇಲೆ ನಮ್ಮವರು, "ಆ ಹುಡುಗಿ ಪರ್ಸು ಮಾತ್ರ ಕೊಂಡುಹೋದದ್ದಲ್ಲ. ಮೊನ್ನೆಯಿಂದ ನನಗೆ ಎಲ್ಲರೂ ಕಳ್ಳರೇ ಕಾಣುತ್ತಾರೆ" ಎಂದರು.

ನಾನು ಇಂದು ಇಲ್ಲಿ ಬಂದು ಈ ಕತೆ ಹೇಳುತ್ತಿರುವುದು ಈ ಮಾತಿಗಾಗಿ. ಹಣ ಹೋದರೆ ಲೆಕ್ಕ ಹಾಕಬಹುದು. ಬಿದ್ದ ನಾಣ್ಯ ಹೆಕ್ಕಿಕೊಡುವ ಕೈ ಇನ್ನು ಹೆಕ್ಕದೆ ಹೋದರೆ, ಆ ನಷ್ಟಕ್ಕೆ ಯಾವ ಠಾಣೆಯಲ್ಲಿ ದೂರು ಕೊಡುವುದು? ಹಾಗಾಗದಿರಬೇಕಾದರೆ ದಾರಿ ಒಂದೇ. ಕಳೆದುಹೋಗಬಾರದ ವಸ್ತುವನ್ನು ಕಳ್ಳನ ಕೈಗೆ ಎಟುಕದ ಕಡೆ ಇಡಬೇಕು. ಹಾಗೆ ಇಟ್ಟರೆ ಎದುರು ಬಂದವರ ಮುಖ ನೋಡಿ ನಗಲು ಹೆದರಿಕೆ ಇರುವುದಿಲ್ಲ.

ಪೇಟೆಗೆ ಹೋಗಲಿ, ಗಲ್ಫಿಗೆ ಹೋಗಲಿ, ಯುರೋಪಿಗೆ ಹೋಗಲಿ, ಕೆಲವು ಮಾತು ನೆನಪಿಡಿ. ಹಿಂದಿನ ಕಿಸೆ ಕಿಸೆಯೇ ಅಲ್ಲ ಎಂದು ತಿಳಿಯಿರಿ. ಆ ದಿನಕ್ಕೆ ಬೇಕಾದಷ್ಟೇ ಹಣ ಮುಂದಿನ ಕಿಸೆಯಲ್ಲಿರಲಿ, ಉಳಿದದ್ದು ಬಟ್ಟೆಯೊಳಗೆ. ಹಣ ಮತ್ತು ಕಾರ್ಡು ಎಲ್ಲವನ್ನೂ ಒಂದೇ ಕಡೆ ಇಡಬೇಡಿ. ಚೀಲ ಎದೆಯ ಮೇಲಿರಲಿ, ಜಿಪ್ಪು ಮುಚ್ಚಿರಲಿ. ಊಟದ ಮೇಜಿನ ಮೇಲೆ ಫೋನು ಇಡಬೇಡಿ. ಎಚ್ಚರಿಕೆ ಎಂಬ ಬೋರ್ಡು ಕಂಡಾಗ ಕಿಸೆ ಮುಟ್ಟಿ ನೋಡಬೇಡಿ. ಬಾಗಿಲಲ್ಲಿ ಯಾರಾದರೂ ಎಡವಿದರೆ, ಅಂಗಿಗೆ ಏನೋ ಬಿದ್ದಿದೆ ಒರೆಸುತ್ತೇನೆ ಎಂದು ಯಾರಾದರೂ ಬಂದರೆ, ಮೊದಲು ನಿಮ್ಮ ವಸ್ತುವಿನ ಮೇಲೆ ಕೈಯಿರಲಿ, ಆಮೇಲೆ ಸಹಾಯ. ಪಾಸ್‌ಪೋರ್ಟಿನ ನಕಲು ಬೇರೆ ಕಡೆ ಇರಲಿ. ಕಳೆದುಹೋದರೆ ಮೊದಲು ಕಾರ್ಡು ಬಂದ್ ಮಾಡಿಸಿ, ಆಮೇಲೆ ಪೊಲೀಸ್ ದೂರು ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ. ಯುರೋಪಿನಲ್ಲಿ ತುರ್ತು ಸಹಾಯದ ನಂಬರು 112, ನಮ್ಮಲ್ಲೂ ಈಗ ಅದೇ. ಇನ್ನೊಂದು ಮಾತು, ಇದು ಮನೆಯವರಿಗೆ: ಕಳೆದುಕೊಂಡು ನಿಂತವರನ್ನು ಆ ಹೊತ್ತಿಗೆ ಬೈಯಬೇಡಿ. ಅವರು ಕಳೆದುಕೊಂಡದ್ದು ಏನೆಂದು ನಮಗೆ ಗೊತ್ತಿರುವುದಿಲ್ಲ.

ಆ ಮಂಗಳವಾರ ಸಂಜೆ ನಮ್ಮವರು ನನ್ನ ಮುಂದೆ ಕೈಯೊಡ್ಡಿ, "ಟೀಚರೇ, ಐದು ಯೂರೋ ಸಾಲ ಕೊಡಿ" ಎಂದರು. ಯಾಕೆ ಎಂದರೆ ಹೇಳಲಿಲ್ಲ. ಹೋಗಿ ಒಂದು ಗುಲಾಬಿ ತಂದರು. ಚಿಲ್ಲರೆ ಎಣಿಸಿ ತಿರುಗಿ ಕೊಟ್ಟರು. ಮರುದಿನ ಮೊಂಜುಯಿಕ್ ಎಂಬ ಗುಡ್ಡ ಹತ್ತಿದೆವು. 1790ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಡನ್‌ಕರ್ಕಿನಿಂದ ಬಾರ್ಸಿಲೋನಾದವರೆಗೆ ಭೂಮಿಯನ್ನು ಅಳೆದು ಮೀಟರ್ ಎಷ್ಟು ಉದ್ದ ಎಂದು ನಿಶ್ಚಯಿಸಿದರಂತೆ, ಆ ಅಳತೆಯ ಒಂದು ನೆಲೆ ಈ ಗುಡ್ಡ. ನಮ್ಮವರು ಅಲ್ಲಿ ಚಪ್ಪಲಿ ಕಳಚಿ ನಿಂತರು. ಸರ್ವೆಯರಿಗೆ ಅದೇ ಕ್ಷೇತ್ರ.

ಊರಿಗೆ ಬಂದ ಮೇಲೆ ನಾನು ಅಟ್ಟದ ಪೆಟ್ಟಿಗೆ ಇಳಿಸಿ ಒಂದು ವಾರ ಹುಡುಕಿದೆ. 1998ರ ಒಂದು ಪಂಚಾಂಗ ಸಿಕ್ಕಿತು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಹಾಲಿನ ಲೆಕ್ಕ, ಅತ್ತೆಯದೇ ಅಕ್ಷರ. ಒಂದೆರಡು ಕಡೆ ಕಾಗುಣಿತ ತಪ್ಪಿದೆ. ನಾನು ಏನೂ ಹೇಳದೆ ತಂದು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ಓದಿದರು. ಈಗ ಅದು ಕಪಾಟಿನಲ್ಲಿದೆ, ಕಿಸೆಯಲ್ಲಿ ಅಲ್ಲ. ಮಗಳು ಅದರ ಫೋಟೊ ತೆಗೆದು ತನ್ನಲ್ಲೂ ಒಂದು ಪ್ರತಿ ಇಟ್ಟುಕೊಂಡಿದ್ದಾಳೆ.

ನಿಮ್ಮ ಮನೆಯಲ್ಲೂ ಹಿರಿಯರು ಬರೆದ ಕಾಗದ, ಲೆಕ್ಕದ ಪುಸ್ತಕ, ಸಾಮಾನಿನ ಚೀಟಿ ಎಲ್ಲಾದರೂ ಇದ್ದೀತು. ಗಡಿಯ ಈಚೆ ಕನ್ನಡ ಬರೆದ ಕೈಗಳು ಅವು. ಇಂದೇ ಹುಡುಕಿ ಒಂದು ಪ್ರತಿ ಮಾಡಿಟ್ಟುಕೊಳ್ಳಿ.